ಮ್ಯಾಪ್ ನಂಬಬೇಡಿ

ಸೂರ್ಯನ ಮೇಲೆ ಕಣ್ಣಿಡುವುದೇ ಚಿದಂಬರನ ಸರ್ಕಾರಿ ನೌಕರಿ. ಸೂರ್ಯ ಕೆರಳಿ ಬಿರುಗಾಳಿ ಎಬ್ಬಿಸಿದರೆ ಉಪಗ್ರಹಗಳು ಸುಳಿವು ಕೊಡುತ್ತವೆ. ರೇಡಿಯೋ ಗೊರಗುಟ್ಟಬಹುದು, ಮ್ಯಾಪ್ ದಾರಿ ತಪ್ಪಿಸಬಹುದು ಎಂದು ಇವನು ವಿಮಾನದವರಿಗೂ ಹಡಗಿನವರಿಗೂ ಎಚ್ಚರಿಕೆ ಕಳಿಸುತ್ತಾನೆ. ಇಷ್ಟು ಜವಾಬ್ದಾರಿಯ ಮನುಷ್ಯ ಮನೆಯವರನ್ನು ಬಿಡುತ್ತಾನೆಯೇ?

ಆ ಭಾನುವಾರ ಮಗಳು ಗಗನಾಳನ್ನು ನೋಡಲು ನೋಯ್ಡಾದಿಂದ ಗಂಡಿನವರು ದೆಹಲಿಯ ಆರ್.ಕೆ.ಪುರಂಗೆ ಬರುವುದಿತ್ತು. ಧನುಷ್ ಅವಳೇ ಮೆಚ್ಚಿದ ಹುಡುಗ. ಅವನ ಅಪ್ಪ ಶಂಕರಪ್ಪನವರು ಒಪ್ಪುವುದಷ್ಟೇ ಬಾಕಿ. "ಪಪ್ಪಾ, ಆಜ್ ಕೋಯಿ ಗಡ್‌ಬಡ್ ನಹೀ, ಪ್ಲೀಸ್," ಇವತ್ತೊಂದು ದಿನ ಏನೂ ಎಡವಟ್ಟು ಬೇಡ ಎಂದು ಅವಳು ಬೆಳಗ್ಗೆಯೇ ಕೈಮುಗಿದಿದ್ದಳು. ಅಷ್ಟರಲ್ಲಿ ಆಫೀಸಿನಿಂದ ಸುದ್ದಿ ಬಂತು: ಸೌರ ಬಿರುಗಾಳಿ. ಗಂಡಿನವರು ಮ್ಯಾಪ್ ನಂಬಿ ದಾರಿ ತಪ್ಪಿದರೆ?

ಕೂಡಲೇ ಶಂಕರಪ್ಪನವರಿಗೆ ಫೋನ್ ಮಾಡಿದ. "ಸಾರ್, ಇವತ್ತು ಮ್ಯಾಪ್ ನಂಬಬೇಡಿ. ನೀರಿನ ಟ್ಯಾಂಕ್ ದಾಟಿ ಹಾಲಿನ ಬೂತ್ ಹತ್ರ ಎಡಕ್ಕೆ ತಿರುಗಿ. ಹಳದಿ ಕ್ವಾರ್ಟರ್ಸು, ಮೊದಲನೇ ಮಹಡಿ. ಬಾಗಿಲಿಗೆ ತೋರಣ ಕಟ್ಟಿದೀವಿ."

ಯಾವ ಸೆಕ್ಟರ್ ಎಂದು ಹೇಳಲು ಮರೆತಿದ್ದ. ಆರ್.ಕೆ.ಪುರಂನಲ್ಲಿ ಟ್ಯಾಂಕಿಗೂ ಬೂತಿಗೂ ಹಳದಿ ಕ್ವಾರ್ಟರ್ಸಿಗೂ ಬರವೇ?

ಉಪ್ಪಿಟ್ಟು ಆರಿ ತಣ್ಣಗಾಯಿತು. ಗಗನಾ ತಡೆಯಲಾರದೆ ಧನುಷ್‌ಗೆ ಫೋನ್ ಮಾಡಿದಳು.

"ನಾವು ಬಂದು ಎಷ್ಟೊತ್ತಾಯ್ತು," ಎಂದು ಅವನು ಪಿಸುಗುಟ್ಟಿದ. "ಹಣೆಗೆ ತಿಲಕ ಇಟ್ರು, ಲಡ್ಡು ತಿನ್ನಿಸ್ತಿದಾರೆ. ಆದ್ರೆ ಟೀ ತಂದಿದ್ದು ಬೇರೆ ಹುಡುಗಿ. ನೀನೆಲ್ಲಿದೀಯ?"

ಅವನು ಫೋನಿನ ಮ್ಯಾಪಿನಲ್ಲಿ ಕಳಿಸಿದ ಜಾಗದ ಗುರುತು ಹಿಡಿದು ಗಗನಾ ರೇಷ್ಮೆ ಸೀರೆಯಲ್ಲೇ ಓಡಿದಳು. ಆಟೋಗೂ ಕಾಯಲಿಲ್ಲ. ಹಿಂದೆ ಚಿದಂಬರ ಏದುಸಿರು ಬಿಡುತ್ತ ಹೊರಟ.

ಅದು ತಮ್ಮ ಮಗಳನ್ನು ನೋಡಲು ಬರುವ ಗಂಡಿಗಾಗಿ ತೋರಣ ಕಟ್ಟಿ ಕಾದಿದ್ದ ಪಂಜಾಬಿಗಳ ಮನೆ. ಎಲ್ಲರೂ ಹಿಂದಿ ಮಾತಾಡಿದಾಗ ಶಂಕರಪ್ಪನವರಿಗೆ ಅನುಮಾನವೇನೋ ಬಂದಿತ್ತು. ದೆಹಲಿಯಲ್ಲಿ ಇದ್ದು ಇದ್ದು ಹೀಗಾಗಿದ್ದಾರೆ, ಪಾಪ ಎಂದುಕೊಂಡು ಸುಮ್ಮನಿದ್ದರು. ವಿಷಯ ತಿಳಿದ ಮನೆಯೊಡತಿ ಹೊಟ್ಟೆ ಹಿಡಿದುಕೊಂಡು ನಕ್ಕು, ಚಿದಂಬರನ ಬಾಯಿಗೂ ಒಂದು ಲಡ್ಡು ತುರುಕಿದಳು.

"ಪಪ್ಪಾ, ಬಿರುಗಾಳಿಗೆ ಮ್ಯಾಪ್ ಎಷ್ಟು ತಪ್ತಿತ್ತು?" ಗಗನಾ ಕೇಳಿದಳು.

"ಹೆಚ್ಚಂದ್ರೆ ಹತ್ತಿಪ್ಪತ್ತು ಮೀಟರು."

"ಔರ್ ಆಪ್? ನೀವು ಎಷ್ಟು ತಪ್ಪಿಸಿದ್ರಿ?"

ಮಗಳ ಸಂಬಂಧವನ್ನು ತನ್ನ ಕೈಯಾರೆ ಹಾಳು ಮಾಡಿದೆನಲ್ಲ ಎಂದು ಚಿದಂಬರನಿಗೆ ತಲೆ ಎತ್ತಲೂ ನಾಚಿಕೆಯಾಯಿತು.

ಶಂಕರಪ್ಪನವರು ಗಗನಾಳ ಬೆವರಿದ ಮುಖವನ್ನೂ ಜಾರಿದ ಸೆರಗನ್ನೂ ನೋಡಿದರು. "ನಮ್ಮ ಹುಡುಗನ್ನ ಬಿಡಿಸ್ಕೊಳ್ಳೋಕೆ ಹೀಗೆ ಓಡಿ ಬಂದಿದಾಳೆ. ಇನ್ನು ನೋಡೋದೇನಿದೆ? ಆದ್ರೆ ಬೀಗರೇ, ಮದುವೆ ಛತ್ರಕ್ಕೆ ದಾರಿ ಮಾತ್ರ ನೀವು ಹೇಳ್ಬೇಡಿ."

ಚಿದಂಬರನಿಗೆ ಕೇಳಿಸಿದ್ದು 'ಬೀಗರೇ' ಎಂಬುದೊಂದೇ. ಗಗನಾ ಆಗಲೇ ಧನುಷ್ ಕೈಯಲ್ಲಿದ್ದ ಲಡ್ಡು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿದ್ದಳು.