ಎಡಗಡೆಯ ತಂಪು

"ಈ ಕಡೆ ಹಿಮ, ಆ ಕಡೆ ಒಲಿ!" ಸುರೈಯಾ ಕಾರಿನೊಳಗೆ ಬಗ್ಗಿ, ಎರಡೂ ಅಂಗೈಗಳನ್ನು ಎ.ಸಿ. ಜಾಳಿಗೆಗಳಿಗೆ ಒಡ್ಡಿ ನಕ್ಕಳು. "ನಿಮ್ಮ ಗಾಡಿಗೆ ಡ್ರೈವರನ ಮ್ಯಾಲಷ್ಟ ಪ್ರೀತಿ ನೋಡ್ರಿ, ಅಯ್ನಾರ."

ಈರಯ್ಯನಿಗೆ ನಗು ಬರಲಿಲ್ಲ. ಮೇ ತಿಂಗಳ ಹನ್ನೊಂದು ಗಂಟೆ. ಸ್ಟೇಷನ್ ರಸ್ತೆಯ ಡಾಂಬರು ಆಗಲೇ ಚಪ್ಪಲಿಗೆ ಅಂಟುತ್ತಿತ್ತು. ಅತ್ತ ಆಸ್ಪತ್ರೆಯಲ್ಲಿ ಮಗಳು ನಂದಾ ಗಂಟುಮೂಟೆ ಕಟ್ಟಿಕೊಂಡು ಕೂತಿದ್ದಳು. ಏಳೇ ತಿಂಗಳಿಗೆ ಹುಟ್ಟಿದ ಅವಳ ಕೂಸು ನಲವತ್ತೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಇವತ್ತು ಹೊರಗೆ ಬರಬೇಕಿತ್ತು. ಬಬಲೇಶ್ವರದ ಮನೆ ಮುಟ್ಟುವವರೆಗೆ ಅದಕ್ಕೆ ಬಿಸಿಲಿನ ಝಳ ತಾಗಲೇಬಾರದು, ತಾಗಿದರೆ ಮತ್ತೆ ಪೆಟ್ಟಿಗೆಯೇ ಗತಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಈ ಹಾಳು ಗಾಡಿಯಲ್ಲಿ ತಂಪು ಬರುತ್ತಿದ್ದುದು ಸ್ಟೇರಿಂಗಿನ ಮುಂದೆ ಮಾತ್ರ.

"ಎರಡು ಕಡೆ ತೋರ್ಸೀನ್ರಿ. ಗ್ಯಾಸ್ ಕಡಿಮಿ ಆಗೈತಿ ಅಂತ ಇಬ್ರೂ ತುಂಬಿ ಕಳಿಸ್ಯಾರ."

"ತುಂಬತಾರ, ಅವರಿಗೇನ್ರಿ! ಹೊಟ್ಟಿ ನೋವು ಅಂದವಗ ಮತ್ತ ನಾಕ ರೊಟ್ಟಿ ಬಡಿಸಿದಂಗ."

ಗಂಡ ಮಲ್ಲಿಕಸಾಬ ತೀರಿಹೋದ ಮೇಲೆ ಗ್ಯಾರೇಜು ನಡೆಸುತ್ತಿದ್ದವಳು ಈ ಸುರೈಯಾ. ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಈಕೆ ಏನು ರಿಪೇರಿ ಮಾಡಿಯಾಳು ಎಂದು ಈರಯ್ಯ ಮೊದಲು ಮನಸ್ಸಿನಲ್ಲೇ ಗೊಣಗಿದ್ದ, ಸುಳ್ಳೇಕೆ ಹೇಳಬೇಕು.

ಅವಳು ಬಾನೆಟ್ ಎತ್ತಿ ಒಂದು ಪೈಪು ಮುಟ್ಟಿ ನೋಡಿದಳು. ಕೊರೆಯುತ್ತಿತ್ತು. "ಗ್ಯಾಸ್ ಸರಿ ಐತಿ. ತಂಪು ಹುಟ್ಟಾಕತ್ತೈತಿ, ಅದಕ್ಕ ದಾರಿ ಸಿಗವಲ್ದು." ಆಮೇಲೆ ಊದಿನಕಡ್ಡಿ ಹಚ್ಚಿ ಒಂದೊಂದೇ ಜಾಳಿಗೆಯ ಮುಂದೆ ಹಿಡಿದಳು. ಬಲಗಡೆ ಹೊಗೆ ಹಾರಿಹೋಯಿತು. ಎಡಗಡೆ ನೆಟ್ಟಗೆ ಮೇಲೆದ್ದು ಅಲ್ಲೇ ಸುತ್ತಾಡಿತು.

ಡ್ಯಾಶ್‌ಬೋರ್ಡಿನ ಎಡಗಡೆಯ ಡಬ್ಬಿ ಬಿಚ್ಚಿ ಟಾರ್ಚು ಬಿಟ್ಟವಳು ಕನ್ನಡಕ ಏರಿಸಿಕೊಂಡಳು. "ಬಗ್ಗಿ ನೋಡ್ರಿ ಇಲ್ಲೆ. ಇಷ್ಟು ವರ್ಷದಾಗ ಹಿಂತಾದ್ದು ನಾ ಕಂಡಿಲ್ಲ."

ಈರಯ್ಯ ಬಗ್ಗಿದ. ತಂಪು ಹುಟ್ಟಿಸುವ ಒದ್ದೆ ತಗಡಿನ ಹಲ್ಲುಗಳ ಮೇಲೆ ಬನ್ನಿ ಎಲೆ ಮುದ್ದೆಗಟ್ಟಿತ್ತು. ಅದರೊಳಗಿಂದ ಬಿಳಿ ಬೇರು ಬಲೆಯಂತೆ ಹರಡಿ ಗಾಳಿಯ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಮೇಲೊಂದು ಜೋಳದ ಮೊಳಕೆ, ಗೇಣುದ್ದ, ನವರಾತ್ರಿಯ ಘಟದ ಸಸಿಯ ಹಾಗೆ ತೆಳು ಹಳದಿ. ಕತ್ತಲಲ್ಲಿ ಬಾಗಿ ಬಾಗಿ, ಬೆಳಕು ಸೋರುವ ಸೀಳಿನ ಕಡೆಗೇ ಹೊರಟಿತ್ತು.

"ಯಪ್ಪಾ!" ಈರಯ್ಯ ಕೈಯೂರಿ ಇನ್ನಷ್ಟು ಬಗ್ಗಿದ.

ಅದು ದಸರೆಯದು. ಗಾಡಿಪೂಜೆಯ ದಿನ ಹೆಂಡತಿ ಗುರುಬಸವ್ವ ಮುಂದಿನ ಗಾಜಿನಡಿ ಒಂದು ಹಿಡಿ ಜೋಳ ಇಟ್ಟಿದ್ದಳು. ಬನ್ನಿ ಕೊಟ್ಟವರ ಎಲೆಯನ್ನೆಲ್ಲ ಅವನೂ ಅಲ್ಲೇ ಪೇರಿಸಿದ್ದ. ಬಂಗಾರ ಅಂತ ಕೊಟ್ಟದ್ದನ್ನು ಗುಡಿಸಿ ಚೆಲ್ಲಲಿಕ್ಕೆ ಅವನಿಗೆ ಮನಸ್ಸಾಗಿರಲಿಲ್ಲ. ಎಲ್ಲ ಗಾಜಿನ ಬುಡದ ಸಂದಿಯಿಂದ ಒಳಗಿಳಿದಿತ್ತು.

"ತಪ್ಪು ನನ್ನದ ಐತಿ ಬಿಡ್ರಿ."

"ಯಾರ ತಪ್ಪು ಇದ್ರೇನ್ರಿ! ಮಣ್ಣಿಲ್ಲ, ಬಿಸಲಿಲ್ಲ. ಬ್ಯಾಸಗ್ಯಾಗ ಹಚ್ಚಿದ ಎ.ಸಿ. ಹನಿ ಕುಡದು ಹುಟ್ಟಿ ಬದಕೇತಿ ನೋಡ್ರಿ ಇದು." ಸುರೈಯಾಳ ದನಿ ತಗ್ಗಿತ್ತು.

"ಕಿತ್ತು ಒಗೀಬ್ಯಾಡ್ರಿ," ಎಂದ ಈರಯ್ಯ. ಅವಸರ ಅವನದೇ, ಆದರೂ ಬಾಯಿಂದ ಆ ಮಾತೇ ಬಂತು.

"ಒಗ್ಯಾಕ ನನಗ ಹುಚ್ಚೇನ್ರಿ?"

ಅವಳು ಅರ್ಧ ತಾಸು ಉಗುರಿನ ತುದಿಯಿಂದ ಬೇರು ಬಿಡಿಸಿದಳು. ಅವನು ಟಾರ್ಚು ಹಿಡಿದ. ಸಸಿ ಇಡಿಯಾಗಿ ಬಂತು. ಚಹಾದ ಗ್ಲಾಸಿಗೆ ನೀರು ಹಾಕಿ ಅದನ್ನು ನಿಲ್ಲಿಸಿ, ಅವಳು ಎ.ಸಿ. ಹಚ್ಚಿದಳು. ಎಡಗಡೆಯ ಜಾಳಿಗೆಯಿಂದ ಒಣ ಎಲೆಯ ವಾಸನೆ ಬಂತು, ಅದರ ಬೆನ್ನಿಗೇ ತಂಪು.

ಆಸ್ಪತ್ರೆಯ ಬಾಗಿಲಲ್ಲಿ ನಂದಾ ಕೂಸನ್ನೆತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಗುರುಬಸವ್ವ ಮೊಮ್ಮಗಳ ಹಣೆಗೆ ಬೆರಳ ಹಿಂಭಾಗ ತಾಗಿಸಿ, ಊರು ದಾಟಿದ ಮೇಲೆ ಮತ್ತೆ ತಾಗಿಸಿ ನೋಡಿದಳು.

"ತಣ್ಣಗೈತ್ರಿ. ಸಾವಕಾಶ ಹೊಡೀರಿ."

ಕೂಸು ಕುಲಾವಿಯೊಳಗೆ ಬಾಯಿ ಅಗಲಿಸಿ ಆಕಳಿಸಿತು. ಮುಂದೆ, ಗಾಜಿನ ಹಿಂದೆ, ಸುರೈಯಾ ಕೊಟ್ಟ ಚಹಾದ ಗ್ಲಾಸಿನಲ್ಲಿ ಹಳದಿ ಸಸಿ ಮೊದಲ ಸಲ ಬಿಸಿಲಿಗೆ ನಿಂತಿತ್ತು. ಈರಯ್ಯ ಗಾಡಿ ಬದಿಗೆ ನಿಲ್ಲಿಸಿದ. ತಲೆಯ ಟೊಪ್ಪಿಗೆ ತೆಗೆದು, ನೆರಳು ಬೀಳುವ ಹಾಗೆ ಅದರ ಪಕ್ಕ ಇಟ್ಟ.