ಮುಖದವರೆಗೆ

ಲಾಸ್ ಏಂಜಲೀಸ್‌ನಿಂದ ಅಪ್ಪ ಮೊದಲ ಕ್ಯಾಮೆರಾ ಕಳಿಸಿದಾಗ ನೆರೆಯ್ದಾಗೆ ಹದಿನೇಳು ವರ್ಷ. "ನಿನ್ನಜ್ಜಿ ಹೋದಾಗ ನಾನು ಬರೋಕಾಗಲ್ಲ ಮಗಳೇ. ಕಾಗದಪತ್ರ ಇಲ್ಲದವನು, ಒಮ್ಮೆ ಗಡಿ ದಾಟಿ ಬಂದ್ರೆ ಮತ್ತೆ ಈ ಕೆಲಸಕ್ಕೆ ಮರಳೋ ಹಾಗಿಲ್ಲ. ಅವಳ ಮುಖ ಕೊನೇ ಸಲ ತೋರಿಸಿಬಿಡು, ಅಷ್ಟು ಸಾಕು," ಎಂದಿದ್ದ ಫೋನಿನಲ್ಲಿ. "ತೋರಿಸ್ತೀನಪ್ಪ, ನಿನ್ನಾಣೆ," ಎಂದಿದ್ದಳು.

ಆ ಕ್ಯಾಮೆರಾದ ಹುಚ್ಚೇ ಅವಳನ್ನು ವಹಾಕಾ ಬೆಟ್ಟದ ತನ್ನ ಹಳ್ಳಿಯಿಂದ ದೂರದ ಮೆಕ್ಸಿಕೊ ನಗರದ ಸಿನಿಮಾ ಕಾಲೇಜಿಗೆ ಎಳೆದೊಯ್ದಿತು. ಪದವಿ ಬಂತು, ಕೆಲಸ ಬರಲಿಲ್ಲ. ಸೋಪಿನ ಜಾಹೀರಾತುಗಳ ಸೆಟ್ಟಿನಲ್ಲಿ ಕೇಬಲ್ ಸುತ್ತಿದಳು. ಯಾರದೋ ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದರೆಂದು ಮಾಡುವ ಹದಿನೈದನೇ ಹುಟ್ಟುಹಬ್ಬದ ವಿಡಿಯೊಗಳಿಗೆ ಹಾಡು ಕೂಡಿಸಿದಳು. ಉಳಿದ ಹೊತ್ತಿನಲ್ಲಿ ತನ್ನದೇ ವಿಡಿಯೊ ಕಲಾಕೃತಿಗಳನ್ನು ಮಾಡಿ ಗ್ಯಾಲರಿಗಳಿಗೆ ಕಳಿಸುವಳು, ಉತ್ತರವೇ ಇಲ್ಲ. ವಯಸ್ಸು ಮೂವತ್ತು ದಾಟಿತು. ಕೊನೆಗೆ ರೆಬೆಕಾ ಎಂಬ ಗ್ಯಾಲರಿಯವಳು ಪ್ರದರ್ಶನದಲ್ಲಿ ವಿಡಿಯೊ ತೋರಿಸಲು ಒಂದು ಗೋಡೆ ಕೊಡುತ್ತೇನೆಂದಳು. ಆದರೆ ಇವಳು ತೋರಿಸಿದ್ದೊಂದೂ ಅವಳಿಗೆ ಹಿಡಿಸಲಿಲ್ಲ.

"ಭಾನುವಾರದೊಳಗೆ ಜೀವ ಇರೋದೇನಾದ್ರೂ ತಾ. ಇಲ್ದಿದ್ರೆ ಗೋಡೆ ಬೇರೆಯವರಿಗೆ."

ಅಜ್ಜಿ ಹೋದ ಸುದ್ದಿ ಬಂದದ್ದು ಆ ಗ್ಯಾಲರಿಯಲ್ಲಿ ಇದ್ದಾಗಲೇ. ಇನ್ನೊಂದು ವಿಡಿಯೊ ತೋರಿಸಿ ಹೊರಡೋಣ ಎಂದು ಕೂತವಳು ಬಸ್ಸು ತಪ್ಪಿಸಿಕೊಂಡಳು. ಊರು ಮುಟ್ಟುವಾಗ ಶವಪೆಟ್ಟಿಗೆ ಸ್ಮಶಾನದಲ್ಲಿತ್ತು.

"ಬಂದ್ಯಾ ಮಹಾರಾಣಿ!" ಎಂದಳು ತೋಮಸಾ ಅತ್ತೆ. "ಮೊಳೆ ಹೊಡಿಯೋಕೆ ಸುತ್ತಿಗೆ ಎತ್ತಿದ್ರು, ನಾನೇ ಕೈ ಹಿಡಿದು ನಿಲ್ಸಿದೀನಿ. ನಿಮ್ಮಪ್ಪ ಬೆಳಗಿಂದ ಒಂದೇ ಸಮ ಫೋನು, ನಮ್ಮ ಹತ್ರ ಇರೋ ಫೋನಲ್ಲಿ ಫೋಟೊ ಬರಲ್ಲ." ಗಂಡಸರತ್ತ ತಿರುಗಿದಳು. "ತೆಗೀರೋ ಒಂದ್ಸಲ. ಇವಳಪ್ಪ ಎಲಾದಿಯೊ ತಾಯಿ ಮುಖ ನೋಡ್ಬೇಕು."

ಮುಚ್ಚಳ ತೆಗೆದರು. ನೆರೆಯ್ದಾ ಕ್ಯಾಮೆರಾ ಹಿಡಿದಳು. ಅಜ್ಜಿಯ ಕಾಲಿಗೆ ಹೊಸ ಚಪ್ಪಲಿ, ಅದರ ಮೇಲೆ ಇಳಿಬಿಸಿಲು. ಜೀವ ಇರೋದು ಎಂದರೆ ಇದೇ ಅಲ್ಲವೇ? ಮುಖವನ್ನು ಒಮ್ಮೆಗೇ ಕೊಡಬಾರದು, ನೋಡುವವನನ್ನು ಕಾಯಿಸಬೇಕು ಎಂದು ಕಾಲೇಜಿನಲ್ಲಿ ಕಲಿತದ್ದು ಕೈಗೆ ತಾನಾಗಿ ಬಂತು. ಚಪ್ಪಲಿಯಿಂದ ಲಂಗದ ಅಂಚಿಗೆ, ಅಲ್ಲಿಂದ ಬೆರಳಿಗೆ ಸುತ್ತಿದ ಜಪಮಾಲೆಗೆ, ಮೆಲ್ಲಗೆ, ಬಹಳ ಮೆಲ್ಲಗೆ ಕ್ಯಾಮೆರಾ ಏರಿತು.

"ಮೋಡ ಕವೀತು ಕಣೇ, ಬೇಗ!"

"ಬಂತು ಅತ್ತೆ, ಒಂದೇ ಕ್ಷಣ."

ಕತ್ತಿನ ಶಾಲಿನವರೆಗೆ ಬಂದಿದ್ದಳು. ದಪ್ಪ ಹನಿ ಟಪಟಪ ಬಿತ್ತು. ಸತ್ತವಳು ನೆನೆಯಬಾರದೆಂದು ಗಂಡಸರು ಮುಚ್ಚಳ ಎಳೆದರು, ಸುತ್ತಿಗೆ ಬಿತ್ತು.

"ತೆಗೀರಿ! ಮುಖ ಬಂದಿಲ್ಲ, ತೆಗೀರಿ!" ಕೆಸರಲ್ಲಿ ಕುಸಿದು ಹಲಗೆಯ ಸಂದಿಗೆ ಉಗುರು ತೂರಿಸಿದಳು.

ಚಿಕ್ಕಪ್ಪ ಅವಳ ಕೈ ಬಿಡಿಸಿದ. "ಸಾಕು ಬಿಡೇ. ಅವಳನ್ನ ಎಷ್ಟು ಸಲ ಎಬ್ಬಿಸ್ತೀಯಾ?"

ಅಂದು ರಾತ್ರಿ ಅವಳು ಕಳಿಸಿದ ವಿಡಿಯೊ ನೋಡಿ ಅಪ್ಪ ಫೋನು ಮಾಡಿದ. ಅವನ ಹಿಂದೆ ಹೋಟೆಲಿನ ತಟ್ಟೆಗಳ ಸದ್ದು.

"ಚೆನ್ನಾಗಿ ತೆಗ್ದಿದೀಯ ಮಗಳೇ. ಚಪ್ಪಲಿ ನಾನೇ ಕಳ್ಸಿದ್ದು. ಮುಂದಿನದು ಹಾಕು."

"ಮುಂದೆ ಇಲ್ಲಪ್ಪ."

"ಇಲ್ಲ ಅಂದ್ರೆ? ನಿನ್ ಹತ್ರ ಇರುತ್ತೆ, ಸರಿಯಾಗಿ ಹುಡುಕು. ನಾನು ಕಾಯ್ತೀನಿ."

ಅವನು ಕಾದ. ಅವಳು ಹುಡುಕುವವಳ ಹಾಗೆ ಫೋನು ಕಿವಿಗೊತ್ತಿಕೊಂಡು ಕ್ಯಾಮೆರಾದ ಗುಂಡಿ ಒತ್ತುತ್ತ ಹೋದಳು.

ಭಾನುವಾರ ಬೇರೇನೂ ಇಲ್ಲದೆ ಆ ವಿಡಿಯೊವನ್ನೇ ರೆಬೆಕಾಗೆ ಕಳಿಸಿದಳು. "ಮುಖ ಕೊಡದೆ ನಿಲ್ಲಿಸಿದ್ಯಲ್ಲ, ಎಂಥ ಧೈರ್ಯ! ಗೋಡೆ ನಿಂದೇ," ಎಂದು ಉತ್ತರ ಬಂತು.

ಅಪ್ಪನಿಗೆ ಮುಖ ತೋರಿಸುತ್ತೇನೆ ಎಂದಿದ್ದಳು. ತೋರಿಸಲಿಲ್ಲ.