ಮೂರನೆಯ ಎಸೆತ

"ಕ್ಲೈಡ್, ಕಾಫಿ ಲೋಟ ಎತ್ಕೊಂಡು ಹೊರಗೆ ನಡಿಯಪ್ಪಾ," ಎಂದ ಹಾರ್ಲನ್. "ಕ್ವಾರ್ಟರ್‌ಬ್ಯಾಕ್ ಸರದಿ ಬಂತು."

ಕ್ಲೈಡ್ ಬಾಸ್ವೆಲ್ ಆಗಲೇ ಅರ್ಧ ಎದ್ದಿದ್ದ. ಅರವತ್ತೇಳರ ಆ ಮುಖದಲ್ಲಿ ಮದುವೆ ಗೊತ್ತಾದ ಹುಡುಗನ ನಾಚಿಕೆಯಿತ್ತು. "ನ್ಯಾಯವಾಗಿ ನೋಡ್ರಪ್ಪಾ," ಎಂದಷ್ಟೇ ಹೇಳಿ ಹೋಟೆಲಿನ ಜಗಲಿಗೆ ಹೋದ. ಜಾಲರಿ ಬಾಗಿಲು ಅವನ ಹಿಂದೆ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು.

ಆ ನಾಚಿಕೆಯನ್ನು ಕಂಡು ಹಾರ್ಲನ್ ಓಡಮ್‌ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಹತ್ತಿತು ಎನ್ನುವುದೂ ಸರಿಯಲ್ಲ, ಶನಿವಾರ ಸಂಜೆ ಹತ್ತಿದ್ದು ಸೋಮವಾರ ಬೆಳಿಗ್ಗೆಯಾದರೂ ಆರಿರಲಿಲ್ಲ.

ಐಡೆಲ್ಲಾಳ ಹೋಟೆಲಿನಲ್ಲಿ ಕಿಟಕಿ ಪಕ್ಕದ ಮೇಜಿಗೆ ಅದರದೇ ಕಾನೂನುಗಳಿದ್ದವು. ಕಾಲೇಜಿನ ತಂಡ, ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಅಮೆರಿಕದ ಫುಟ್‌ಬಾಲನ್ನು, ಶನಿವಾರ ಆಡಿದ್ದನ್ನು ಸೋಮವಾರ ಬೆಳಿಗ್ಗೆ ಇಲ್ಲಿ ಅಳೆದು ತೂಗಿ, ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಎ, ಬಿ, ಸಿ ಎಂದು ದರ್ಜೆ ಬರೆಯಬೇಕು. ಮಂಗಳವಾರ ಅಭ್ಯಾಸ ಮುಗಿಸಿ ಬನ್ನಿನಂಥ ಮೆತ್ತನೆ ಬಿಸ್ಕೆಟ್ಟು, ಗ್ರೇವಿ ತಿನ್ನಲು ಬರುವ ಹುಡುಗರು ಕೂರುವ ಮೊದಲು ಆ ಹಲಗೆಯ ಮುಂದೆ ನಿಲ್ಲುತ್ತಿದ್ದರು. ಕೋಚ್ ಬೈದದ್ದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋದೀತು, ಹಲಗೆ ಹೇಳಿದ್ದು ಮಾತ್ರ ವಾರವಿಡೀ ಎದೆಯಲ್ಲಿ ಕೂತಿರುತ್ತಿತ್ತು. ತಂಡದಲ್ಲಿ ರಕ್ತಸಂಬಂಧಿ ಇರುವವನು ಆ ಹುಡುಗನ ಸರದಿ ಬಂದಾಗ ಎದ್ದು ಹೊರಗೆ ಹೋಗಬೇಕು, ಕರೆಯುವವರೆಗೂ ಒಳಗೆ ಬರಬಾರದು. ಹೆತ್ತವರಿಗೆ ಹೆಗ್ಗಣವೂ ಮುದ್ದಲ್ಲವೇ. ಇನ್ನೊಂದು ಕಾನೂನು ಹಾರ್ಲನ್ ತಾನೇ ತಂದದ್ದು: ಮೈದಾನದಲ್ಲಿ ಕೂತು ಕಣ್ಣಾರೆ ಕಂಡದ್ದಕ್ಕೆ ಮಾತ್ರ ದರ್ಜೆ. ಟಿವಿಯಲ್ಲಿ ಕಂಡದ್ದು ಕಂಡದ್ದಲ್ಲ. ಹಿಂದೊಮ್ಮೆ ಕ್ಷೌರದ ಅಂಗಡಿಯ ಓಟಿಸ್‌ನ ಭಾವಮೈದ ಮನೆಯಲ್ಲೇ ಆಟ ನೋಡಿ ಬಂದು ದೊಡ್ಡ ಬಾಯಿ ಮಾಡಿದಾಗ, ಹಾರ್ಲನ್ ಅವನ ತಟ್ಟೆಯನ್ನು ತಾನೇ ಎತ್ತಿ ಬೇರೆ ಮೇಜಿನ ಮೇಲಿಟ್ಟಿದ್ದ. ಹದಿನಾಲ್ಕು ವರ್ಷದಿಂದ ಸೀಮೆಸುಣ್ಣ ಹಾರ್ಲನ್ ಕೈಯಲ್ಲೇ ಇತ್ತು. ಮೂವತ್ತು ವರ್ಷ ಹಳ್ಳಿಹಳ್ಳಿಗೆ ಟಪಾಲು ಹಂಚಿದವನು, ಕಾಗದ ಯಾರದೆಂದು ನೋಡಿ ಕೊಟ್ಟವನೇ ಹೊರತು ಮುಖ ನೋಡಿ ಕೊಟ್ಟವನಲ್ಲ ಎಂದು ಊರು ನಂಬಿತ್ತು.

ಈ ಬೆಳಿಗ್ಗೆ ಉಳಿದದ್ದೆಲ್ಲ ಸಲೀಸಾಗಿ ಮುಗಿದಿತ್ತು. ಋತುವಿನ ಮೊದಲ ಆಟ, ಅದೂ ನದಿಯಾಚೆಯ ಕಾಲೇಜಿನ ಮೇಲೆ ಮೂವತ್ತೊಂದು–ಇಪ್ಪತ್ತೇಳರ ಗೆಲುವು. ಆರು ವರ್ಷದಿಂದ ಅವರ ಕೈಲಿ ಪೆಟ್ಟು ತಿಂದ ಊರು ಭಾನುವಾರ ಚರ್ಚಿನಲ್ಲಿ ತಂಡದ ಹಸಿರು ಬಣ್ಣದ ಟೈ ಕಟ್ಟಿಕೊಂಡು ಕೂತಿತ್ತು.

"ಮುಂದಿನ ಸಾಲಿನ ಆ ದಢೂತಿಗಳಿಗೆ ಬಿ ಕೊಡು," ಎಂದಿದ್ದ ಓಟಿಸ್ ಪ್ಯೂ. "ಮೊದಲರ್ಧ ಹಸು ನಿಂತಂಗೆ ನಿಂತಿದ್ರು. ಆಮೇಲೆ ಅವರ ಅಪ್ಪಂದಿರು ಬೈದಿರ್ಬೇಕು."

"ಚೆಂಡು ಒದೆಯೋ ಹುಡುಗನ್ಗೆ?" ಎಂದು ಹಾರ್ಲನ್ ಕೇಳಿದ್ದ.

"ಅವನ ಕಾಲಿಗೆ ಎ. ತಲೆಗೆ ಡಿ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡೋದು ಬೇಡ್ವಾ?"

"ತಡೆಯೋರಿಗೆ ಸಿ," ಎಂದು ಐಡೆಲ್ಲಾ ಒಲೆಯ ಹತ್ತಿರದಿಂದಲೇ ಕೂಗಿದ್ದಳು. ಹೋಟೆಲು ಅವಳದು, ಹಲಗೆಯೂ ಅವಳದೇ, ಹಾಗಾಗಿ ಅವಳಿಗೂ ಒಂದು ಮಾತಿತ್ತು. "ಇಪ್ಪತ್ತೇಳು ಬಿಟ್ಕೊಟ್ಟಿದ್ದಾರೆ. ನನ್ನ ಜಾಲರಿ ಬಾಗಿಲು ನೊಣ ಬಿಡೋದೂ ಅದಕ್ಕಿಂತ ಕಮ್ಮಿ."

ಈಗ ಹಲಗೆಯ ಮೇಲೆ ಉಳಿದದ್ದು ಒಂದೇ ಹೆಸರು. ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆದು ಆಟ ನಡೆಸುವವನು: ಡಾಸನ್ ಬಾಸ್ವೆಲ್, ಹತ್ತೊಂಬತ್ತು ವರ್ಷ, ಕ್ಲೈಡನ ಮಗನ ಮಗ. ಎಸೆದೇ ಮೂರು ಸಲ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದ್ದ. ಮೂರನೆಯದು ಕೊನೆಯ ನಿಮಿಷದಲ್ಲಿ, ನಲವತ್ತೇಳು ಗಜದಾಚೆಗೆ. ಆಟ ಗೆದ್ದದ್ದೇ ಅದರಿಂದ.

"ಇದ್ರಲ್ಲಿ ಮಾತಾಡೋಕೆ ಏನಿದೆ," ಎಂದ ಓಟಿಸ್. "ಎ ಬರ್ದು ಅವನ್ನ ಒಳಗೆ ಕರಿ. ಕಾಫಿ ಆರೋಗತ್ತೆ."

ಹಾರ್ಲನ್ ಎದ್ದು ಹಲಗೆಯ ಹತ್ತಿರ ಹೋದ. "ಆಟದ ಎರಡನೇ ಕಾಲುಭಾಗದಲ್ಲಿ ಚೆಂಡನ್ನ ಎದುರಾಳಿ ಕೈಗೇ ಕೊಟ್ನಲ್ಲ, ಅದು? ಹುಡುಗ ಮೊದ್ಲು ಯಾರನ್ನ ನೋಡ್ತಾನೋ ಅವರಿಗೇ ಎಸೀತಾನೆ. ಪಕ್ಕದಲ್ಲಿ ಇನ್ನೊಬ್ಬ ಕೈ ಬೀಸ್ತಾ ನಿಂತಿದ್ರೂ ಕಾಣಲ್ಲ. ಚೆಂಡು ಇಟ್ಕೊಂಡು ಸುಮ್ನೆ ನಿಂತ್ಕೋತಾನೆ. ಅಕ್ಟೋಬರ್‌ನಲ್ಲಿ ದೊಡ್ಡ ತಂಡದೋರು ಬಂದ್ರೆ ಇವನ್ನ ಹುರಿದು ಮುಕ್ತಾರೆ."

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೊಟ್ಟೆಕಿಚ್ಚಿನ ಕಣ್ಣಿಗೆ ದೃಷ್ಟಿ ಚುರುಕು. ಹಾರ್ಲನ್ ಡಾಸನ್ನನ ಹೆಸರಿನ ಮುಂದೆ ದೊಡ್ಡದಾಗಿ 'ಸಿ' ಎಂದು ಬರೆದ. ಬರೆಯುವಾಗ ಒಂದು ಬಗೆಯ ಸುಖವಾಯಿತು.

ಅವನಿಗೂ ಒಬ್ಬ ಮಗನಿದ್ದ, ನೀಲ್. ಇದೇ ಕಾಲೇಜು, ಇದೇ ತಂಡ, ಇದೇ ಕ್ವಾರ್ಟರ್‌ಬ್ಯಾಕ್ ಜಾಗ. ನಾಲ್ಕು ವರ್ಷ ಹಸಿರು ಅಂಗಿ ತೊಟ್ಟು ಮೈದಾನದ ಬದಿಯಲ್ಲಿ ನಿಂತ. ಒಂದು ಸಲವಾದರೂ ಕೋಚ್ ಅವನ ಕಡೆ ತಿರುಗಲಿಲ್ಲ. ಆಟ ಮುಗಿದ ಮೇಲೆ ಉಳಿದ ಹುಡುಗರು ಮಣ್ಣು ಮೆತ್ತಿಕೊಂಡು ಬಂದರೆ ನೀಲ್‌ನ ಅಂಗಿ ಚರ್ಚಿಗೆ ಹೋಗುವಷ್ಟು ಶುಭ್ರವಾಗಿರುತ್ತಿತ್ತು. ಆಗ ಸೀಮೆಸುಣ್ಣ ಕ್ಲೈಡನ ಕೈಯಲ್ಲಿತ್ತು. ಆಡದ ಹುಡುಗನಿಗೆ ದರ್ಜೆ ಎಲ್ಲಿಂದ ಬರಬೇಕು? ಆದರೂ ಕ್ಲೈಡ್ ಪ್ರತಿ ಸೋಮವಾರ, "ಹಾರ್ಲನ್, ಹೊರಗೆ ನಡಿಯಪ್ಪಾ, ನಿನ್ನ ಹುಡುಗನ ಸರದಿ," ಎನ್ನುತ್ತಿದ್ದ. ಹಾರ್ಲನ್ ಜಗಲಿಗೆ ಹೋಗಿ ಕೂರುತ್ತಿದ್ದ. ಎರಡು ನಿಮಿಷಕ್ಕೆ ಕರೆಯುತ್ತಿದ್ದರು. ಅದು ಮರ್ಯಾದೆ ಉಳಿಸಲು ಮಾಡಿದ ಉಪಕಾರವೆಂದು ಅವನಿಗೆ ತಿಳಿದಿತ್ತು. ಬೈದಿದ್ದರೆ ಎಂದೋ ಮರೆತಿರುತ್ತಿದ್ದ, ಆ ಉಪಕಾರವನ್ನು ಮಾತ್ರ ಕ್ಷಮಿಸಲಾಗಿರಲಿಲ್ಲ. ನೀಲ್ ಈಗ ಮೊಬೀಲ್ ಪಟ್ಟಣದಲ್ಲಿ ಟೈರು ಮಾರುತ್ತಾನೆ, ಶನಿವಾರ ಮೀನು ಹಿಡಿಯಲು ಹೋಗುತ್ತಾನೆ.

ಐಡೆಲ್ಲಾ ಕೈ ಒರೆಸಿಕೊಳ್ಳುತ್ತ ಬಂದು ಹಲಗೆ ನೋಡಿದಳು. "ಇದೇನು ಹಾರ್ಲನ್? ಮೊಸರಲ್ಲಿ ಕಲ್ಲು ಹುಡುಕ್ತಿದ್ದೀಯಲ್ಲ. ನಾಳೆ ಆ ಮಗು ಬಂದು ಇದರ ಮುಂದೆ ನಿಂತ್ಕೊಳತ್ತೆ."

"ನಿಂತ್ಕೊಳ್ಲಿ. ಹಲಗೆ ಇರೋದೇ ಅದಕ್ಕೆ."

"ಕ್ಲೈಡ್‌ಗೆ ಏನು ಹೇಳ್ತೀಯ? ಮೂವತ್ತು ವರ್ಷ ಪಕ್ಕದ ಕುರ್ಚಿಯೋನು."

"ಹಲಗೆ ಏನು ಹೇಳತ್ತೋ ಅದನ್ನೇ."

ಓಟಿಸ್ ಇಷ್ಟು ಹೊತ್ತು ತಟ್ಟೆಯ ಗ್ರೇವಿಯನ್ನು ಬಿಸ್ಕೆಟ್ಟಿನ ಚೂರಿನಿಂದ ಬಳಿಯುತ್ತಿದ್ದ. ಮೈದಾನದಲ್ಲಿ ಅವನ ಜಾಗ ಹಾರ್ಲನ್ ಮತ್ತು ಕ್ಲೈಡರಿಗಿಂತ ಎರಡು ಸಾಲು ಹಿಂದೆ. ತಲೆಗಳನ್ನು ಹಿಂದಿನಿಂದ ನೋಡುವುದೇ ಅವನ ಕಸುಬು.

"ಮೂರನೇ ಎಸೆತದ ಬಗ್ಗೆ ನೀನು ಏನೂ ಹೇಳ್ಲಿಲ್ಲ," ಎಂದ.

"ಏನು ಹೇಳೋದು? ಚೆನ್ನಾಗಿತ್ತು."

"ಎತ್ತರಕ್ಕೆ ಹೋಯ್ತಾ, ನೇರ ಹೋಯ್ತಾ?"

ಹಾರ್ಲನ್ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದ. "ಎತ್ತರಕ್ಕೆ."

"ಹುಡುಗ ನಿಂತು ಎಸೆದ್ನಾ, ಓಡ್ತಾ ಎಸೆದ್ನಾ?"

"ಇದೇನು ಕೋರ್ಟಾ ಓಟಿಸ್?"

"ನೀನು ನೋಡ್ಲಿಲ್ಲ ಕಣಯ್ಯಾ," ಎಂದ ಓಟಿಸ್. ದನಿಯಲ್ಲಿ ಜಗಳವಿರಲಿಲ್ಲ. "ಹನ್ನೊಂದು ಸಾವಿರ ಜನ ಎದ್ದು ನಿಂತಿದ್ರು. ನಾನು ಎದ್ದಿದ್ದೆ, ಆಕ್ಸಿಜನ್ ಸಿಲಿಂಡರ್ ಇಟ್ಕೊಂಡಿರೋ ಆ ಮುದುಕಿ ಎದ್ದಿದ್ಲು. ನೀನೊಬ್ಬ ಕೂತಿದ್ದೆ. ಮುಂದಿನೋರ ಬೆನ್ನು ಬಿಟ್ಟು ನಿಂಗೇನು ಕಂಡಿರ್ಬೇಕು?"

"ನನ್ನ ಮಂಡಿ..." ಎಂದ ಹಾರ್ಲನ್.

"ನಿನ್ನೆ ಚರ್ಚಲ್ಲಿ ನಾಲ್ಕು ಹಾಡಿಗೂ ನಿಂತಿದ್ದೆ," ಎಂದಳು ಐಡೆಲ್ಲಾ. "ನಾಲ್ಕನೇದು ಆರು ಚರಣ ಇತ್ತು."

ಯಾರೂ ನಗಲಿಲ್ಲ. ನಕ್ಕಿದ್ದರೆ ಹಾರ್ಲನ್ ಸಿಟ್ಟಾಗಿ ಪಾರಾಗಬಹುದಿತ್ತು. ಶನಿವಾರದ ಆ ಗಳಿಗೆ ಅವನಿಗೆ ಚೆನ್ನಾಗಿ ನೆನಪಿತ್ತು. ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದಾಗ ಅವನ ಕಾಲೂ ತಾನಾಗಿಯೇ ಎದ್ದಿತ್ತು, ಅವನೇ ತೊಡೆಯ ಮೇಲೆ ಎರಡೂ ಕೈ ಒತ್ತಿ ಕೂತ. ಹುಡುಗ ತಪ್ಪಲಿ ಎಂದು ಹಾರೈಸಿದ್ದ. ತನ್ನದೇ ತಂಡ, ಹುಟ್ಟಿದಾರಭ್ಯ ತನ್ನದೇ ಆದ ತಂಡ, ಅದು ಸೋಲಲಿ ಎಂದು. ಆಮೇಲೆ ಆ ಕೂಗು ಕಿವಿ ಹರಿಯುವ ಹಾಗೆ ಎದ್ದಿತ್ತು. ಅವನ ಮುಖದ ಮುಂದೆ ಯಾರದೋ ಪ್ಯಾಂಟಿನ ಹಿಂಜೇಬು, ಅದರಿಂದ ಇಣುಕುತ್ತಿದ್ದ ಬಾಚಣಿಗೆ. ಆಟದ ಕೊನೆಯ ನಿಮಿಷದಲ್ಲಿ ಅವನು ಕಣ್ಣಾರೆ ಕಂಡದ್ದು ಅಷ್ಟೇ.

ಕಾನೂನು ಅವನದೇ. ಹಾರ್ಲನ್ ಹಲಗೆಯ ಮೇಲಿನ 'ಸಿ'ಯನ್ನು ಅಂಗಿಯ ತೋಳಿನಿಂದ ಒರೆಸಿದ. ಸೀಮೆಸುಣ್ಣವನ್ನು ಓಟಿಸ್‌ನ ತಟ್ಟೆಯ ಪಕ್ಕದಲ್ಲಿಟ್ಟ. "ನೋಡ್ದೋನು ನೀನು. ನೀನೇ ಬರಿ," ಎಂದು ಹೇಳಿ, ತಾನು ಹೊರಗೆ ನಡೆದ.

ಜಗಲಿಯ ಬೆಂಚಿನ ಮೇಲೆ ಕ್ಲೈಡ್ ಖಾಲಿ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದ. ಸೆಪ್ಟೆಂಬರಿನ ಬಿಸಿಲು ಒಂಬತ್ತು ಗಂಟೆಗೇ ಚುರುಗುಟ್ಟುತ್ತಿತ್ತು.

"ಅಷ್ಟು ಕೆಟ್ಟದಾಗಿದ್ಯಾ?" ಎಂದು ಕೇಳಿದ. "ಕಾಲು ಗಂಟೆ ಆಯ್ತು ಮಾರಾಯಾ. ನಿನ್ನನ್ನ ನಾವು ಎರಡೇ ನಿಮಿಷಕ್ಕೆ ಕರೀತಿದ್ವಿ."

"ಬರಿಯೋಕೆ ಏನೂ ಇರ್ತಿರ್ಲಿಲ್ವಲ್ಲ."

ಹಾರ್ಲನ್ ಕಂಬಕ್ಕೆ ಒರಗಿ ನಿಂತ.

"ಸಿ ಬರ್ದಿದ್ದೆ. ಅಳಿಸ್ದೆ," ಎಂದ. "ಮೂರನೇದು ನಾನು ನೋಡ್ಲಿಲ್ಲ ಕ್ಲೈಡ್. ಮಂಡಿ ನೋವೂ ಇಲ್ಲ, ಮಣ್ಣೂ ಇಲ್ಲ. ಬೇಕಂತ್ಲೇ ಕೂತಿದ್ದೆ."

"ಕೂತಿದ್ದು ಗೊತ್ತು. ಪಕ್ಕದಲ್ಲೇ ಇದ್ನಲ್ಲ."

"ಗೊತ್ತಿದ್ದೂ ಕೇಳ್ಲಿಲ್ವಾ?"

"ಏನಂತ ಕೇಳ್ಲಿ."

ರಸ್ತೆಯ ಆಚೆ ಬದಿಯಲ್ಲಿ ಯಾರೋ ಅಂಗಡಿಯ ಗಾಜಿನ ಮೇಲೆ ಹಸಿರು ಬಣ್ಣದಲ್ಲಿ 31–27 ಎಂದು ಬರೆದಿದ್ದರು. ಬಣ್ಣ ಇಳಿದು ಏಳರ ಬಾಲ ಉದ್ದವಾಗಿತ್ತು. ಹಾರ್ಲನ್ ಅದನ್ನೇ ನೋಡುತ್ತ, "ಹೆಂಗಿತ್ತು ಹೇಳು," ಎಂದ. "ನಿನ್ನ ಬಾಯಿಂದ ಕೇಳ್ತೀನಿ. ಎತ್ತರಕ್ಕೆ ಹೋಯ್ತಾ?"

"ನಾನೂ ನೋಡ್ಲಿಲ್ಲ."

ಹಾರ್ಲನ್ ತಿರುಗಿದ.

"ಆಣೆಗೂ ನೋಡ್ಲಿಲ್ಲ ಕಣೋ," ಎಂದ ಕ್ಲೈಡ್. ಮತ್ತೆ ಅದೇ ನಾಚಿಕೆ ಮುಖಕ್ಕೆ ಬಂದಿತ್ತು. "ಎದ್ದು ನಿಂತಿದ್ದೆ, ನಿಜ. ಹುಡುಗನ ಕೈಗೆ ಚೆಂಡು ಬಂದ್ರೆ ಸಾಕು, ಕಣ್ಣು ಮುಚ್ಕೊಂಡ್ಬಿಡ್ತೀನಿ. ಜೀವ ಬಾಯಿಗೆ ಬರತ್ತೆ. ಕೂಗು ಕೇಳತ್ತಲ್ಲ, ಅದು ನಮ್ಮ ಕಡೇದಾ ಅವರ ಕಡೇದಾ ಅಂತ ತಿಳ್ಕೊಂಡ್ಮೇಲೆ ತೆಗೀತೀನಿ. ಮೂರರಲ್ಲಿ ಒಂದನ್ನೂ ನಾನು ನೋಡಿಲ್ಲ. ಆ ದರಿದ್ರದ್ದು, ಅವರ ಕೈಗೆ ಕೊಟ್ಟಿದ್ದು, ಅದೊಂದನ್ನ ನೋಡ್ದೆ. ಆಗ ಲೋಟ ಚೆಲ್ಲತ್ತೆ ಅಂತ ಕಣ್ಣು ಬಿಟ್ಟಿದ್ದೆ." ಆಮೇಲೆ ಕೇಳಿದ, "ನೀನು ನಾಲ್ಕು ವರ್ಷ ಹೆಂಗೆ ತಡ್ಕೊಂಡ್ಯೋ?"

"ನಂಗೆ ಸುಲಭ ಇತ್ತು," ಎಂದ ಹಾರ್ಲನ್. "ಕಣ್ಣು ಮುಚ್ಕೊಳ್ಳೋ ಹಾಗೆ ಒಂದ್ಸಲಾನೂ ಆಗ್ಲಿಲ್ಲ."

ಹೇಳಿದ ಮೇಲೆ ಅವನಿಗೇ ತಿಳಿಯಿತು. ಪತ್ರಿಕೆಯಲ್ಲಿ ಬಂದ ಹುಡುಗನ ಫೋಟೋ, ಚರ್ಚಿನಲ್ಲಿ ಕ್ಲೈಡನ ಕೈ ಕುಲುಕಿದ ಜನ, ಮೂರು ಎಸೆತ, ಗೆಲುವು, ಅದಕ್ಕೆಲ್ಲ ಉರಿದದ್ದಕ್ಕಿಂತ ಹೆಚ್ಚಾಗಿ ಆ ಮುಚ್ಚಿದ ಕಣ್ಣುಗಳ ಮೇಲೆ ಅವನಿಗೆ ಹೊಟ್ಟೆ ಉರಿಯಿತು. ಹನ್ನೊಂದು ಸಾವಿರ ಜನರ ನಡುವೆ ಒಬ್ಬನಿಗೆ ನೋಡಲಾಗದಷ್ಟು ಭಯ. ಅಂಥ ಭಯ ತನಗೂ ಒಂದು ಸಲ, ಒಂದೇ ಸಲ, ಯಾಕೆ ಬರಬಾರದಿತ್ತು? ನೀಲ್ ಚೆಂಡು ಬೀಳಿಸಲಿ, ಎದುರಾಳಿಗೇ ಕೊಡಲಿ, ಊರೆಲ್ಲ ಛೀ ಎನ್ನಲಿ. ಹಲಗೆಯ ಮೇಲೆ ಡಿ ಬರೆಯಲಿ.

ಕ್ಲೈಡ್ ಖಾಲಿ ಲೋಟವನ್ನು ನೆಲಕ್ಕಿಟ್ಟ. ಬೆಂಚಿನ ಮೇಲೆ ಸರಿದು ಜಾಗ ಮಾಡಿದ. ಹಾರ್ಲನ್ ಒಂದು ಗಳಿಗೆ ನಿಂತಿದ್ದು, ಕೂತ. ಒಳಗೆ ಹಲಗೆಯ ಮೇಲೆ ಸೀಮೆಸುಣ್ಣ ಗೀಚುವ ಸದ್ದು ಕೇಳಿತು. ಇಬ್ಬರೂ ತಿರುಗಿ ನೋಡಲಿಲ್ಲ, ಕರೆಯುವವರೆಗೆ ನೋಡಬಾರದು.

ಮರದ ಮಿಲ್ಲಿನ ಕಡೆಯಿಂದ ಬಂದ ಒಂದು ಪಿಕಪ್ ಲಾರಿ ಹೋಟೆಲಿನ ಮುಂದೆ ನಿಧಾನ ಮಾಡಿತು. ಹಾರ್ನ್ ಎರಡು ಸಲ ಹೊಡೆದು, ಓಡಿಸುತ್ತಿದ್ದವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಎಂಥಾ ಹುಡುಗನ್ನ ಕೊಟ್ಟೆ ತಾತಾ," ಎಂದು ಕೂಗಿದ.

ಕ್ಲೈಡ್ ಕೈ ಎತ್ತಿದ. ಆ ಮಾತು ತನಗೇ ಎಂಬಂತೆ ಹಾರ್ಲನ್‌ನ ಕೈಯೂ ಮೊಣಕಾಲಿನಿಂದ ಎದ್ದು ಎದೆಯ ಮಟ್ಟಕ್ಕೆ ಬಂದಿತ್ತು. ಅಲ್ಲಿ ಅದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಅದನ್ನು ಇನ್ನೂ ಮೇಲಕ್ಕೆ ಒಯ್ದು, ತಲೆಯ ಮೇಲಿನ ಟೋಪಿಯನ್ನು ಸರಿಮಾಡಿಕೊಂಡ.